ಮೊದಲು ಪೈಪು, ಆಮೇಲೆ ಪರ್ಮಿಷನ್ನು!

ಬೆಂಗಳೂರಲ್ಲಿ ಮನೆ ಹೇಗೆ ಕಟ್ತಾರೆ ಅಂತ ಯಾವತ್ತಾದರೂ ನಿಂತು ನೋಡಿದ್ದೀರಾ? ಪಾಯ ತೋಡೋಕೆ ಮುಂಚೆ ಬೋರ್‌ವೆಲ್ಲು. ಅದರ ಮೋಟಾರಿಗೆ ಕಂಬದಿಂದ ಒಂದು ತಾತ್ಕಾಲಿಕ ಲೈನು. ಪಿಲ್ಲರ್ ಎದ್ದು, ಸೆಂಟ್ರಿಂಗ್ ಹಲಗೆ ಕೂತು, ಕಂಬಿ ಕಟ್ಟೋದು ಮುಗೀತು ಅನ್ನುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಬರ್ತಾನೆ. ಕಂಬಿಗಳ ನಡುವೆ ಪಿವಿಸಿ ಪೈಪ್ ಎಳೀತಾನೆ, ಫ್ಯಾನ್ ಬಾಕ್ಸ್ ಕೂರಿಸ್ತಾನೆ, ಪೈಪಿನ ಬಾಯಿಗೆ ಸಿಮೆಂಟ್ ಚೀಲದ ಚೂರು ತುರುಕಿ ಹೊರಡ್ತಾನೆ. ಮಾರನೇ ದಿನ ಮೇಸ್ತ್ರಿ ಪೂಜೆ ಮಾಡಿ ಕಾಂಕ್ರೀಟ್ ಸುರೀತಾನೆ. ಅಲ್ಲಿಗೆ ಮುಗೀತು. ಆ ಪೈಪನ್ನು ಇನ್ನು ಮೇಲೆ ಯಾರೂ ನೋಡೋದಿಲ್ಲ. ಮನೆ ಮಾಲೀಕನೂ ಇಲ್ಲ, ಪಾಲಿಕೆ ಇಂಜಿನಿಯರೂ ಇಲ್ಲ, ಬೆಸ್ಕಾಂನವರೂ ಇಲ್ಲ.

ಇಷ್ಟೆಲ್ಲಾ ಆಗುವಾಗ ನಕ್ಷೆ ಮಂಜೂರಾಗಿತ್ತಾ? ಎಷ್ಟೋ ಕಡೆ ಇಲ್ಲ. "ಅಪ್ಲಿಕೇಷನ್ ಹಾಕಿದ್ದೀವಿ ಸಾರ್, ಇನ್ನೇನು ಬಂದ್ಬಿಡುತ್ತೆ" ಅನ್ನೋದು ಉತ್ತರ. ಮೂರು ಮಹಡಿಗೆ ಅನುಮತಿ ತಗೊಂಡು ಐದನೇ ಮಹಡಿಯ ಸ್ಲ್ಯಾಬಿನಲ್ಲಿ ಪೈಪ್ ಎಳೆಯುವವರೂ ಇದ್ದಾರೆ. ಅದಕ್ಕೆ "ಇದರಲ್ಲೇನು ಮಹಾ ಅಪರಾಧ? ಕಾಗದ ಇವತ್ತಲ್ಲ ನಾಳೆ ಬರುತ್ತೆ, ವೈರು ವೈರೇ ಅಲ್ವಾ?" ಅನ್ನೋ ಸಮರ್ಥನೆ ಬೇರೆ.

ಈ ಪ್ರಶ್ನೆಗೆ ಉತ್ತರ ಬೇಕು ಅಂದರೆ 140 ವರ್ಷ ಹಿಂದಕ್ಕೆ ಹೋಗಬೇಕು. ವೈರಿಂಗಿಗೆ ಅನುಮತಿ ಕೇಳುವ ಪದ್ಧತಿ ಯಾಕೆ ಹುಟ್ಟಿತು, ಯಾರು ಹುಟ್ಟಿಸಿದರು ಅನ್ನೋದು ಗೊತ್ತಾದರೆ, ನಾವು ಎಲ್ಲಿ ಎಡವಿದ್ದೀವಿ ಅನ್ನೋದು ತಾನಾಗಿ ಗೊತ್ತಾಗುತ್ತೆ.

ನ್ಯೂಯಾರ್ಕ್ ನಗರ. 1880ರ ದಶಕದ ಆರಂಭ. ಥಾಮಸ್ ಆಲ್ವಾ ಎಡಿಸನ್ ಪರ್ಲ್ ಸ್ಟ್ರೀಟಿನಲ್ಲಿ ತನ್ನ ಪ್ರಸಿದ್ಧ ವಿದ್ಯುತ್ ಕೇಂದ್ರ ಶುರು ಮಾಡಿದ್ದು 1882ರ ಸೆಪ್ಟೆಂಬರ್ 4ಕ್ಕೆ. ಆದರೆ ಅದಕ್ಕೆ ಮೊದಲೇ ದೊಡ್ಡ ಶ್ರೀಮಂತರು ತಮ್ಮ ಬಂಗಲೆಗೆ ಸ್ವಂತ ಡೈನಮೋ ಇಟ್ಟುಕೊಂಡು ದೀಪ ಹಾಕಿಸಿಕೊಳ್ಳುತ್ತಿದ್ದರು. ರೈಲ್ವೆ ಕುಬೇರ ವಿಲಿಯಂ ವ್ಯಾಂಡರ್‌ಬಿಲ್ಟ್ ಅವರಲ್ಲೊಬ್ಬ. ಫಿಫ್ತ್ ಅವೆನ್ಯೂದಲ್ಲಿ ಆತನ ಹೊಸ ಅರಮನೆಯಂಥ ಮನೆಗೆ ಎಡಿಸನ್ ಕಡೆಯವರೇ ವೈರಿಂಗ್ ಮಾಡಿದರು. ಒಂದು ಸಂಜೆ ದೀಪ ಹಚ್ಚಿ ಪರೀಕ್ಷೆ ಮಾಡುವಾಗ ಏನಾಯ್ತು ಅನ್ನೋದನ್ನು ಎಡಿಸನ್ ತಾನೇ ನೆನಪಿಸಿಕೊಂಡಿದ್ದಾನೆ. ಚಿತ್ರಶಾಲೆಯ ಗೋಡೆಗೆ ಜರಿ ಎಳೆ ಇದ್ದ ಹೊದಿಕೆ ಹೊದಿಸಿದ್ದರು. ಎರಡು ವೈರು ಆ ಜರಿಗೆ ತಾಗಿದವು. ಜರಿ ಕೆಂಪಗೆ ಕಾದಿತು. ಗೋಡೆ ಹೊತ್ತಿಕೊಂಡಿತು!

ಎಡಿಸನ್ ತಕ್ಷಣ ಇಂಜಿನ್ ನಿಲ್ಲಿಸಲು ಹೇಳಿದ, ಬೆಂಕಿ ಆರಿತು. ಇದೇನು ಅಂತ ವಿಚಾರಿಸಿದ ಶ್ರೀಮತಿ ವ್ಯಾಂಡರ್‌ಬಿಲ್ಟ್‌ಗೆ ಮನೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ಇದೆ ಅನ್ನೋ ವಿಷಯ ಆಗ ಗೊತ್ತಾಯ್ತು. ಬಾಯ್ಲರ್ ಮೇಲೆ ಕೂತು ನಾನು ಸಂಸಾರ ಮಾಡೋದಿಲ್ಲ ಅಂದುಬಿಟ್ಟರು ಆಕೆ. ಇಡೀ ವ್ಯವಸ್ಥೆಯನ್ನು ಕಿತ್ತು ಹಾಕಬೇಕಾಯ್ತು. ಜಗತ್ತಿನ ಅತಿ ಬುದ್ಧಿವಂತ ವಿದ್ಯುತ್ ತಜ್ಞ, ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬನ ಮನೆ. ದುಡ್ಡಿಗೂ ಕೊರತೆ ಇಲ್ಲ, ವಿದ್ಯೆಗೂ ಕೊರತೆ ಇಲ್ಲ. ಆದರೂ ಗೋಡೆಯೊಳಗೆ ಏನಿದೆ ಅನ್ನೋದನ್ನು ಮೊದಲೇ ಯಾರೂ ನೋಡಿರಲಿಲ್ಲ.

ಇದೆಲ್ಲದರಿಂದ ತಲೆ ಕೆಡಿಸಿಕೊಂಡವರು ಯಾರು ಗೊತ್ತಾ? ಸರ್ಕಾರ ಅಂದುಕೊಂಡರೆ ತಪ್ಪು. ವಿಮೆ ಕಂಪನಿಗಳು! ಬೆಂಕಿ ಬಿದ್ದರೆ ದುಡ್ಡು ಕೊಡಬೇಕಾದವರು ಅವರು ತಾನೇ. 1881ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಅಗ್ನಿ ವಿಮೆದಾರರ ಮಂಡಳಿ ಒಂದಷ್ಟು ನಿಯಮ ಹೊರಡಿಸಿತು. ವಿದ್ಯುತ್ ದೀಪ ಬೇಕಾ? ಮೊದಲು ಅರ್ಜಿ ಹಾಕಿ. ಎಷ್ಟು ದೀಪ, ಎಂಥ ದೀಪ, ಬರೆದು ಕೊಡಿ. ಎಷ್ಟು ವಿದ್ಯುತ್ ಬೇಕು ಅನ್ನೋದಕ್ಕೆ ಹೆಸರು ಗೊತ್ತಿರುವ ಒಬ್ಬ ತಂತ್ರಜ್ಞನ ಅಂದಾಜು ಕೊಡಿ. ಮತ್ತೆ, ನೀವು ಬಳಸುವ ವೈರಿನ ತುಂಡೊಂದನ್ನು ಕನಿಷ್ಠ 3 ಅಡಿ ಕತ್ತರಿಸಿ ಅರ್ಜಿ ಜೊತೆ ತನ್ನಿ! ಆ ವೈರು ಎಷ್ಟು ಭಾರ ತಡೆಯುತ್ತೆ ಅನ್ನೋ ಸರ್ಟಿಫಿಕೇಟೂ ಇರಲಿ.

ಈ 3 ಅಡಿ ವೈರನ್ನು ನೆನಪಿಟ್ಟುಕೊಳ್ಳಿ. ಅನುಮತಿ ಅಂದರೆ ಅವತ್ತು ಸೀಲು, ಸಹಿ, ಶುಲ್ಕ ಆಗಿರಲಿಲ್ಲ. ಗೋಡೆಯೊಳಗೆ ಮುಚ್ಚಿಹೋಗುವ ವಸ್ತುವನ್ನು, ಮುಚ್ಚುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು ಅಂತ ಇನ್ನೊಬ್ಬ ಮನುಷ್ಯ ಕೇಳುತ್ತಿದ್ದ. ಅಷ್ಟೇ.

ಮರುವರ್ಷ, ಅಂದರೆ 1882ರಲ್ಲಿ, ಲಂಡನ್ನಿನ ಟೆಲಿಗ್ರಾಫ್ ಇಂಜಿನಿಯರುಗಳ ಸಂಘವೂ ಇಂಥದ್ದೇ ನಿಯಮ ತಂದಿತು. ವಿದ್ಯುತ್ ದೀಪದಿಂದ ಬೆಂಕಿ ಬೀಳದಂತೆ ತಡೆಯೋದು ಹೇಗೆ ಅನ್ನೋದೇ ಅದರ ವಿಷಯ. ಬ್ರಿಟನ್ನಿನ ಇವತ್ತಿನ ವೈರಿಂಗ್ ನಿಯಮಾವಳಿಯ ಮೂಲ ಅದೇ. 1893ರಲ್ಲಿ ಷಿಕಾಗೊದಲ್ಲಿ ವಿಶ್ವ ಮೇಳ ನಡೆಯಿತು. ಸಾವಿರಾರು ದೀಪ, ಮೈಲುಗಟ್ಟಲೆ ವೈರು. ವಿಮೆ ಕಂಪನಿಗಳಿಗೆ ನಡುಕ. ಪರೀಕ್ಷೆಗೆ ಅಂತ ಬಾಸ್ಟನ್ನಿನಿಂದ ವಿಲಿಯಂ ಮೆರಿಲ್ ಅನ್ನೋ ಯುವ ಇಂಜಿನಿಯರನ್ನು ಕಳಿಸಿದರು. ಆತ ಮರುವರ್ಷ ಹುಟ್ಟುಹಾಕಿದ ಪ್ರಯೋಗಾಲಯವೇ ಇವತ್ತು ಎಷ್ಟೋ ಚಾರ್ಜರ್, ಅಡಾಪ್ಟರ್ ಹಿಂದೆ 'ಯುಎಲ್' ಅಂತ ಕಾಣುವ ಗುರುತಿನ ತವರುಮನೆ. 1897ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಬಂತು.

ಅಲ್ಲಿ ಇವತ್ತಿಗೂ ಪದ್ಧತಿ ಹೀಗಿದೆ. ಮೊದಲು ಪರ್ಮಿಟ್. ಆಮೇಲೆ ವೈರು ಎಳಿ, ಬಾಕ್ಸ್ ಕೂರಿಸು, ಆದರೆ ಗೋಡೆ ಮುಚ್ಚಬೇಡ. ಇನ್ಸ್‌ಪೆಕ್ಟರ್ ಬಂದು ನೋಡಿ ಸರಿ ಅಂದಮೇಲೆ ಮುಚ್ಚು. ಪರ್ಮಿಟ್ ಬರುವ ಮುಂಚೆಯೇ ಕೆಲಸ ಶುರು ಮಾಡಿದರೆ ಅನೇಕ ನಗರಗಳಲ್ಲಿ ದುಪ್ಪಟ್ಟು ಶುಲ್ಕ ಕಟ್ಟಬೇಕು. ಮುಚ್ಚಿಬಿಟ್ಟಿದ್ದರೆ ಗೋಡೆ ಒಡೆದು ತೋರಿಸು ಅಂತಾರೆ. ಯಾಕೆ ಅಷ್ಟು ಕಟ್ಟುನಿಟ್ಟು? ಆ ಪರ್ಮಿಟ್ ಬರೀ ಕೆಲಸ ಮಾಡೋಕೆ ಕೊಡುವ ಒಪ್ಪಿಗೆ ಅಲ್ಲ. "ನಾಳೆ ಇಲ್ಲೊಂದು ಕೆಲಸ ಮುಚ್ಚಿಹೋಗಲಿದೆ, ಬಂದು ನೋಡಿ" ಅಂತ ಇನ್ಸ್‌ಪೆಕ್ಟರಿಗೆ ಹೋಗುವ ಕರೆ ಕೂಡ. ಕರೆಯೇ ಹೋಗದಿದ್ದರೆ ಬರುವವರು ಯಾರು?

ಈಗ ನಮ್ಮ ದೇಶಕ್ಕೆ ಬನ್ನಿ. ಒಂದು ಕಾಲದಲ್ಲಿ ನಮ್ಮಲ್ಲೂ ಕಾನೂನೇ ಮೊದಲು ಬಂದಿತ್ತು ಅಂದರೆ ನಂಬುತ್ತೀರಾ? ಕಲ್ಕತ್ತಾ ನಗರಕ್ಕೆ ವಿದ್ಯುತ್ ದೀಪದ ಕಾಯ್ದೆ ಬಂದದ್ದು 1895ರಲ್ಲಿ. ವಿದ್ಯುತ್ ಕೇಂದ್ರ ಶುರುವಾಗಿದ್ದು 1899ರಲ್ಲಿ. ಕರೆಂಟು ಬರುವ 4 ವರ್ಷ ಮೊದಲೇ ಕಾನೂನು ರೆಡಿ!

ನಮ್ಮ ಮೈಸೂರು ಸಂಸ್ಥಾನದ ಕಥೆ ಇನ್ನೂ ಹೆಮ್ಮೆಯದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು, ಜಾಲಿ ದ ಲಾಟ್‌ಬಿನಿಯರ್ ಅನ್ನೋ ಇಂಜಿನಿಯರನ ಯೋಜನೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಲೈನು ಎಳೆಯುವ ವಿಷಯದಲ್ಲಿ ನಾವು ಯಾರಿಗೂ ಕಮ್ಮಿ ಇರಲಿಲ್ಲ ಸ್ವಾಮಿ. ಮನೆಯೊಳಗಿನ ವೈರನ್ನು ನೋಡುವ ವಿಷಯಕ್ಕೆ ಬಂದಾಗ ಕಥೆ ಬೇರೆಯಾಯ್ತು.

ಹಾಗಂತ ನಿಯಮ ಇರಲಿಲ್ಲ ಅಂದುಕೊಳ್ಳಬೇಡಿ. 1910ರಲ್ಲಿ ಭಾರತೀಯ ವಿದ್ಯುತ್ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ 1956ರಲ್ಲಿ ಭಾರತೀಯ ವಿದ್ಯುತ್ ನಿಯಮಗಳು ಬಂದವು. ಅದರ 45ನೇ ನಿಯಮದ ಸಾರಾಂಶ ಇದು: ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಿಸಬೇಕು, ಅರ್ಹತಾ ಪತ್ರ ಇರುವ ಮೇಲ್ವಿಚಾರಕ ಪಕ್ಕದಲ್ಲಿರಬೇಕು. 47ನೇ ನಿಯಮ: ಸಂಪರ್ಕ ಕೊಡುವ ಮೊದಲು ವಿದ್ಯುತ್ ಪೂರೈಸುವವರು ಬಂದು ಒಳಗಿನ ವೈರಿಂಗನ್ನು ಪರೀಕ್ಷೆ ಮಾಡಬೇಕು.

ಓದೋಕೆ ಚೆನ್ನಾಗಿದೆ. ಆದರೆ ಒಂದು ಮಾತು ಗಮನಿಸಿ. ಪರೀಕ್ಷೆ ಯಾವಾಗ? ಸಂಪರ್ಕ ಕೊಡುವ ಮೊದಲು. ಅಂದರೆ ಮನೆ ಕಟ್ಟಿ, ಗೋಡೆಗೆ ಪ್ಲಾಸ್ಟರ್ ಆಗಿ, ಪೇಂಟ್ ಕೂಡ ಬಳಿದಮೇಲೆ! 1881ರಲ್ಲಿ ನ್ಯೂಯಾರ್ಕಿನವರು ಮುಚ್ಚುವ ಮುಂಚೆ ನೋಡುತ್ತಿದ್ದದ್ದನ್ನು ನಾವು ಮುಚ್ಚಿದ ಮೇಲೆ ನೋಡೋಕೆ ಹೊರಟೆವು.

ನಾನು ಓದಿದ್ದು ಇಂಜಿನಿಯರಿಂಗು. ಹಾಗಾಗಿ ಈ ಪರೀಕ್ಷೆ ಏನನ್ನು ಹಿಡಿಯುತ್ತೆ, ಏನನ್ನು ಹಿಡಿಯೋದಿಲ್ಲ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಮೆಗ್ಗರ್ ಅನ್ನೋ ಉಪಕರಣ ಇದೆ. ವೈರಿನ ಮೇಲಿನ ಹೊದಿಕೆ ಎಲ್ಲಾದರೂ ಹರಿದಿದೆಯಾ, ಕರೆಂಟು ಸೋರುತ್ತಾ ಅನ್ನೋದನ್ನು ಅದು ಹೇಳುತ್ತೆ. ಆದರೆ ಗೀಸರಿಗೆ 4 ಚದರ ಮಿಲಿಮೀಟರ್ ವೈರ್ ಹಾಕಬೇಕಾದ ಕಡೆ ಬರೀ 1.5 ಹಾಕಿದ್ದರೆ? ವೈರು ಹೊಸದು, ಹೊದಿಕೆ ಸರಿಯಾಗಿದೆ. ಮೆಗ್ಗರ್ ಪಾಸ್ ಅನ್ನುತ್ತೆ! ಸ್ಲ್ಯಾಬಿನೊಳಗೆ ಒಂದೇ ಪೈಪಿನಲ್ಲಿ ಹತ್ತು ವೈರು ತುರುಕಿದ್ದಾರಾ? ಪೈಪಿನ ನಡುವೆ ಎಲ್ಲೋ ವೈರು ಜೋಡಿಸಿ ಬರೀ ಟೇಪ್ ಸುತ್ತಿದ್ದಾರಾ? ಇದ್ಯಾವುದೂ ಹೊರಗಿಂದ ಕಾಣೋದಿಲ್ಲ.

ವೈರು ಕಾಯುವ ಲೆಕ್ಕ ಸರಳ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಎರಡು ಮಹಡಿ ಅಂತ ಲೆಕ್ಕ ಹಾಕಿ ಎಳೆದ ಕೇಬಲ್ ಮೇಲೆ ಇನ್ನೆರಡು ಮಹಡಿ ಕೂರಿಸಿದರೆ ಏನಾಗುತ್ತೆ? ಈಗ ಹೇಳಿ, ನಕ್ಷೆಗೂ ವೈರಿಗೂ ಸಂಬಂಧ ಇಲ್ವಾ? ಎಷ್ಟು ಮಹಡಿ, ಎಷ್ಟು ಮನೆ, ಎಷ್ಟು ಲಿಫ್ಟ್ ಅನ್ನೋದು ಕಾಗದದ ಮೇಲೆ ಖಚಿತವಾಗದೆ ಕೇಬಲ್ ದಪ್ಪ ಎಷ್ಟಿರಬೇಕು ಅಂತ ಯಾರು ಹೇಳೋಕೆ ಸಾಧ್ಯ? ನಕ್ಷೆ ಬರುವ ಮೊದಲೇ ಶುರುವಾದ ವೈರಿಂಗ್ ಅಂದರೆ ಉತ್ತರ ಬರೆದಿಟ್ಟುಕೊಂಡು ಪ್ರಶ್ನೆಪತ್ರಿಕೆಗೆ ಕಾಯ್ದ ಹಾಗೆ.

ಇನ್ನೊಂದು ಎಡವಟ್ಟು ನಮ್ಮ ಕಚೇರಿಗಳದ್ದು. ಕಟ್ಟಡದ ಅನುಮತಿ ನಗರಪಾಲಿಕೆಯ ಬಾಬ್ತು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 310ನೇ ಸೆಕ್ಷನ್ ಪ್ರಕಾರ ಕಟ್ಟಡ ಮುಗಿದ ಮೇಲೆ ವಾಸಕ್ಕೆ ಅನುಮತಿ ತಗೋಬೇಕು. ಅದೇ ನಾವು ದಿನಾ ಕೇಳುವ ಓಸಿ. ಕರೆಂಟು ವಿದ್ಯುತ್ ಕಂಪನಿಯ ಬಾಬ್ತು. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ನೋಡಿ: ಮಾಲೀಕನಾಗಲಿ, ಅಲ್ಲಿ ವಾಸ ಇರುವವನಾಗಲಿ ಕೇಳಿದರೆ ಒಂದು ತಿಂಗಳೊಳಗೆ ಸಂಪರ್ಕ ಕೊಡಬೇಕು. ಆಮೇಲೆ ಕೇಂದ್ರ ಸರ್ಕಾರದ ನಿಯಮಗಳು ಈ ಗಡುವನ್ನು ಇಳಿಸುತ್ತಾ ಬಂದವು. 2024ರ ತಿದ್ದುಪಡಿ ಪ್ರಕಾರ ಮಹಾನಗರಗಳಲ್ಲಿ ಬರೀ 3 ದಿನ!

ಒಬ್ಬ ಇಟ್ಟಿಗೆ ನೋಡ್ತಾನೆ, ಇನ್ನೊಬ್ಬ ಮೀಟರ್ ನೋಡ್ತಾನೆ. ಇಟ್ಟಿಗೆಗೂ ಮೀಟರಿಗೂ ನಡುವೆ ಗೋಡೆಯೊಳಗೆ ಮಲಗಿರುವ ವೈರನ್ನು ನೋಡುವವರು ಯಾರು? ಕಂಟ್ರಾಕ್ಟರ್ ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್! ಆ ಕಾಗದಕ್ಕೆ ಸಹಿ ಹಾಕುವ ಲೈಸೆನ್ಸ್‌ದಾರ ಸೈಟಿಗೆ ಕಾಲಿಟ್ಟಿರುತ್ತಾನಾ ಇಲ್ವಾ ಅನ್ನೋದು ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ಗುಟ್ಟು.

ಗೋಡೆಯೊಳಗಿನ ವಿಷಯ ಎಷ್ಟು ಗಂಭೀರ ಅನ್ನೋದನ್ನು ಬೆಂಗಳೂರು 2010ರ ಫೆಬ್ರವರಿ 23ರಂದು ಕಣ್ಣಾರೆ ನೋಡಿತು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಕಚೇರಿಗಳಿಂದ ತುಂಬಿದ್ದ ಬಹುಮಹಡಿ ಕಟ್ಟಡ. ವಿದ್ಯುತ್ ಕೇಬಲ್ ಸಾಗುವ ಡಕ್ಟ್‌ನಲ್ಲಿ ಶುರುವಾದ ಬೆಂಕಿ. ಜ್ವಾಲೆಗಿಂತ ಹೊಗೆಯೇ ಯಮನಾಯ್ತು. ಮೇಲಿನಿಂದ ಕೆಳಗಿನ ತನಕ ಇದ್ದ ಆ ಡಕ್ಟ್ ಚಿಮಣಿಯ ಹಾಗೆ ಕೆಲಸ ಮಾಡಿತು. ಮೇಲಿನ ಮಹಡಿಯವರಿಗೆ ಉಸಿರಾಡೋಕೆ ಗಾಳಿ ಇಲ್ಲ. ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. 9 ಜನ ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಟಿವಿಯಲ್ಲಿ ಆ ದೃಶ್ಯ ನೋಡಿದವರು ಇವತ್ತಿಗೂ ಮರೆತಿಲ್ಲ. ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡವರು ಸೇರಿ 'ಬಿಯಾಂಡ್ ಕಾರ್ಲ್‌ಟನ್' ಅನ್ನೋ ಸಂಘಟನೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ಹೋರಾಡುತ್ತಿದ್ದಾರೆ. ಅವರು ಕೇಳೋದು ಪರಿಹಾರ ಒಂದೇ ಅಲ್ಲ. ಇನ್ನೊಂದು ಮನೆಗೆ ಈ ಗತಿ ಬರಬಾರದು ಅನ್ನೋದು ಅವರ ಹಟ.

ಇಂಥ ಸಾವುಗಳಿಂದ ನಾವು ಕಲಿತದ್ದೇನು? ನಗರ ಬೆಳೆದ ರೀತಿ ನೋಡಿ. ರೆವಿನ್ಯೂ ಸೈಟು, ಬಿ ಖಾತಾ, ಕಂದಾಯ ಕಟ್ಟಿದ ರಶೀದಿ, ಕೊನೆಗೆ ಕರೆಂಟ್ ಬಿಲ್ಲು. ಮನೆಗೆ ಮೀಟರ್ ಬಂತು ಅಂದರೆ ಮನೆ ಸಕ್ರಮ ಆದ ಹಾಗೆ ಅನ್ನೋ ನಂಬಿಕೆ ಬೇರೂರಿತು. ಗ್ಯಾಸ್ ಕನೆಕ್ಷನ್ನಿಗೂ ಅದೇ ಬಿಲ್ಲು, ವಿಳಾಸದ ಪುರಾವೆಗೂ ಅದೇ ಬಿಲ್ಲು. ಕರೆಂಟು ಬೆಳಕಿಗಿಂತ ಹೆಚ್ಚಾಗಿ ದಾಖಲೆಯಾಯ್ತು. ಸರ್ಕಾರಗಳೂ ಅಕ್ರಮ ಸಕ್ರಮ ಅಂತ ದಂಡ ಕಟ್ಟಿಸಿಕೊಂಡು ಸರಿ ಮಾಡಲು ಹೊರಟವು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ದಂಡ ಕಟ್ಟಿದರೆ ಸೆಟ್‌ಬ್ಯಾಕ್ ಸಕ್ರಮ ಆಗಬಹುದು, ಸಣ್ಣ ವೈರು ದಪ್ಪ ಆಗುತ್ತಾ?

ಕೊನೆಗೆ 2024ರ ಡಿಸೆಂಬರ್ 17. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸದ ನಿವೇಶನದ ಮೇಲೆ ಎದ್ದ ಅಂಗಡಿಗಳ ಪ್ರಕರಣ. ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹದೇವನ್ ಅವರ ಪೀಠ ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿತು. ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ತೋರಿಸಿದರೆ ಮಾತ್ರ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ. ಕಟ್ಟುವಾಗ ಮಂಜೂರಾದ ನಕ್ಷೆಯನ್ನು ಸೈಟಿನಲ್ಲಿ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಿ ದಾಖಲಿಸಬೇಕು.

2025ರಲ್ಲಿ ಈ ಆದೇಶ ನಮ್ಮ ಮನೆ ಬಾಗಿಲಿಗೆ ಬಂತು. ಓಸಿ ಇಲ್ಲದ ಕಟ್ಟಡಗಳಿಗೆ ಬೆಸ್ಕಾಂ ಹೊಸ ಸಂಪರ್ಕ ನಿಲ್ಲಿಸಿತು. ಸಾಲ ಮಾಡಿ ಮನೆ ಕಟ್ಟಿಸಿದವರು, ಗೃಹಪ್ರವೇಶದ ಕಾರ್ಡ್ ಹಂಚಿದವರು ಕತ್ತಲಲ್ಲಿ ಕೂತರು. ಕೆಲವರು ಕಟ್ಟಡ ಕೆಲಸಕ್ಕೆ ಅಂತ ತಗೊಂಡಿದ್ದ ತಾತ್ಕಾಲಿಕ ಲೈನಿನಲ್ಲೇ ದುಬಾರಿ ದರ ಕಟ್ಟಿ ಸಂಸಾರ ನಡೆಸಿದರು. ಗಲಾಟೆ ಜೋರಾಯ್ತು. ಅದೇ ವರ್ಷ ಬೆಂಗಳೂರಲ್ಲಿ 1200 ಚದರಡಿ ವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ಸರ್ಕಾರ ಓಸಿಯಿಂದ ವಿನಾಯಿತಿ ಕೊಟ್ಟಿತು. ನಮ್ಮ 30-40 ಸೈಟಿನವರು ಉಸಿರು ಬಿಟ್ಟರು.

ಈಗ ನನ್ನ ಮಾತು ಕೇಳಿ. ಸುಪ್ರೀಂ ಕೋರ್ಟ್ ಹೇಳಿದ್ದು ಸರಿ. ಆದರೆ ಅದು ಹೇಳಿದ ಮೂರು ಮಾತುಗಳಲ್ಲಿ ನಾವು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆವು. ಮೀಟರ್ ನಿಲ್ಲಿಸೋದು ಸುಲಭ, ಅದಕ್ಕೆ ಕುರ್ಚಿಯಿಂದ ಏಳಬೇಕಾಗಿಲ್ಲ. ಕೆಲಸ ನಡೆಯುವಾಗ ಸೈಟಿಗೆ ಹೋಗಿ ಮೆಟ್ಟಿಲು ಹತ್ತಿ ನೋಡೋದು ಕಷ್ಟ. ಕಷ್ಟದ್ದನ್ನು ಬಿಟ್ಟೆವು. ಪರಿಣಾಮ ಏನು? ಅಕ್ರಮ ಮಾಡಿದ ಬಿಲ್ಡರ್ ಫ್ಲ್ಯಾಟ್ ಮಾರಿ ಹೋಗಿಯಾಯ್ತು. ಶಿಕ್ಷೆ ಅದನ್ನು ಕೊಂಡವನಿಗೆ. ಪಾಯದ ಹಂತದಲ್ಲೇ ತಡೆಯಬೇಕಾದ ತಪ್ಪನ್ನು ಮೀಟರ್ ಬೋರ್ಡಿನ ಹತ್ತಿರ ಹಿಡಿದರೆ ಅದು ನ್ಯಾಯವೂ ಅಲ್ಲ, ಸುರಕ್ಷತೆಯೂ ಅಲ್ಲ.

1200 ಚದರಡಿಯ ವಿನಾಯಿತಿಯೂ ಅಷ್ಟೇ. ಬಡವರಿಗೆ, ಮಧ್ಯಮ ವರ್ಗಕ್ಕೆ ಅದು ಬೇಕಿತ್ತು, ನಾನೂ ಸ್ವಾಗತಿಸ್ತೀನಿ. ಆದರೆ ಕಾಗದದಿಂದ ವಿನಾಯಿತಿ ಕೊಡಬಹುದು, ಬೆಂಕಿಯಿಂದ ವಿನಾಯಿತಿ ಕೊಡೋಕೆ ಯಾವ ಸಂಪುಟಕ್ಕೂ ಅಧಿಕಾರ ಇಲ್ಲ. ಚಿಕ್ಕ ಮನೆಯ ಗೀಸರ್ ವೈರೂ ಅಷ್ಟೇ ಕಾಯುತ್ತೆ. ಹಾಗಾಗಿ ಈ ಎರಡನ್ನೂ ಬೇರೆ ಮಾಡಿ ಅನ್ನೋದು ನನ್ನ ವಾದ. ನಕ್ಷೆ, ಖಾತೆ, ಓಸಿ ಜಗಳ ಎಷ್ಟು ವರ್ಷ ಬೇಕಾದರೂ ನಡೆಯಲಿ. ಕಾಂಕ್ರೀಟ್ ಸುರಿಯುವ ಮುಂಚೆ, ಪ್ಲಾಸ್ಟರ್ ಮಾಡುವ ಮುಂಚೆ, ಅರ್ಹತೆ ಇರುವ ಒಬ್ಬ ಮನುಷ್ಯ ಬಂದು ಪೈಪು, ವೈರು, ಅರ್ಥಿಂಗ್ ನೋಡಿ ಫೋಟೊ ಸಮೇತ ಸಹಿ ಹಾಕೋದು ಮಾತ್ರ ಪ್ರತಿ ಕಟ್ಟಡಕ್ಕೂ ಕಡ್ಡಾಯವಾಗಲಿ. ಅವನ ಹೆಸರು ದಾಖಲೆಯಲ್ಲಿರಲಿ. ನಾಳೆ ಹೊತ್ತಿಕೊಂಡರೆ ಉತ್ತರ ಕೊಡಬೇಕಾದವನು ಅವನೇ ಅಂತ ಕಾನೂನು ಬರಲಿ.

"ಅಲ್ಲಿಯವರೆಗೆ ನಾವೇನು ಮಾಡೋದು ಸಾರ್?" ಅಂತೀರಾ? ಮನೆ ಕಟ್ಟಿಸುತ್ತಿದ್ದರೆ ನಕ್ಷೆ ಕೈಗೆ ಬರುವ ತನಕ ಎಲೆಕ್ಟ್ರಿಷಿಯನ್‌ಗೆ ಅಡ್ವಾನ್ಸ್ ಕೊಡಬೇಡಿ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಮೊಬೈಲ್ ಹಿಡಿದು ಹಲಗೆ ಮೇಲೆ ಹತ್ತಿ. ಒಂದೊಂದು ಕೋಣೆಯ ಪೈಪಿನದ್ದೂ ಫೋಟೊ ತೆಗೆದಿಡಿ. ವೈರಿನ ಡಬ್ಬದ ಮೇಲಿರುವ ಅಳತೆ ಓದಿ, ಬಿಲ್ ಇಟ್ಟುಕೊಳ್ಳಿ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಯಾರು ಅಂತ ಕೇಳಿ, ಒಮ್ಮೆಯಾದರೂ ಸೈಟಿಗೆ ಕರೆಸಿ. ಕಟ್ಟಿದ ಫ್ಲ್ಯಾಟ್ ಕೊಳ್ಳುತ್ತಿದ್ದರೆ ಬಿಲ್ಡರ್ ಹತ್ತಿರ ಆ ಫೋಟೊ ಕೇಳಿ. ಇಲ್ಲ ಅಂದರೆ ಮುಂದಿನ ಕಟ್ಟಡ ನೋಡಿ. ಲಕ್ಷಾಂತರ ರೂಪಾಯಿ ಕೊಟ್ಟು ಟೈಲ್ಸ್ ಬಣ್ಣ ಆರಿಸೋಕೆ ನಾಲ್ಕು ಅಂಗಡಿ ಸುತ್ತುವ ನಾವು, ಮಕ್ಕಳು ಮಲಗುವ ಕೋಣೆಯ ಗೋಡೆಯೊಳಗೆ ಏನಿದೆ ಅಂತ ನೋಡೋಕೆ ಒಂದು ಸಂಜೆ ಕೊಡಬಾರದಾ?